ಆಡಿಟರ್ ಡ್ರಾಯರಿನಲ್ಲಿರುವ ಸಹಿ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುವವರನ್ನು ‘ನಿಮ್ಮ ಡಿಜಿಟಲ್ ಸಹಿ ಎಲ್ಲಿದೆ?’ ಎಂದು ಕೇಳಿ ನೋಡಿ. ‘ಆಡಿಟರ್ ಹತ್ರ ಇದೆ’ ಎನ್ನುವ ಉತ್ತರ ಬಂದರೆ ಆಶ್ಚರ್ಯಪಡಬೇಕಿಲ್ಲ. ಜಿಎಸ್‌ಟಿ ರಿಟರ್ನ್, ಕಂಪನಿ ವ್ಯವಹಾರಗಳ ಸಚಿವಾಲಯದ ಫಾರಂ, ಇ-ಟೆಂಡರ್ ಎಲ್ಲಕ್ಕೂ ಬೇಕಾಗುವ ಆ ಯುಎಸ್‌ಬಿ ಟೋಕನ್, ಮೈಮೇಲೆ ಕಂಪನಿ ಹೆಸರಿನ ಚೀಟಿ ಅಂಟಿಸಿಕೊಂಡು, ಬೇರೆ ಕಂಪನಿಗಳ ಟೋಕನ್ನುಗಳ ನಡುವೆ ಒಂದು ಡ್ರಾಯರಿನಲ್ಲಿ ಬಿದ್ದಿರುತ್ತದೆ. ಎಷ್ಟೋ ಸಲ ಪಿನ್ ಕೂಡ ಆ ಚೀಟಿಯಲ್ಲೇ ಇರುತ್ತದೆ. ಅತ್ತ ಮಾಲೀಕರು ದಿನವಿಡೀ ಕಳಿಸುವ ಕೊಟೇಶನ್, ಬ್ಯಾಂಕ್ ಖಾತೆಯ ವಿವರ, ಗಿರಾಕಿ ಕೊಟ್ಟ ಡ್ರಾಯಿಂಗು ಇವೆಲ್ಲ ಸಹಿಯೂ ಇಲ್ಲದೆ, ಮರೆಯೂ ಇಲ್ಲದೆ ಇ-ಮೇಲಿನಲ್ಲಿ ಹೋಗುತ್ತವೆ. ಸರ್ಕಾರಕ್ಕೆ ಸಹಿ, ಗಿರಾಕಿಗೆ ಬರೀ ನಂಬಿಕೆ.

ಮೇಲ್‌ಗೆ ಸಹಿ ಹಾಕುವ, ಮೇಲನ್ನು ಗೂಢಲಿಪಿಗೆ ತಿರುಗಿಸುವ ತಂತ್ರ ಮೂವತ್ತು ವರ್ಷಕ್ಕೂ ಹಳೆಯದು, ಬಹುಪಾಲು ಪುಕ್ಕಟೆ. ಆದರೂ ಅದು ಜನರ ಕೈಗೆ ಹತ್ತಲಿಲ್ಲ. ಏಕೆ ಹತ್ತಲಿಲ್ಲ, ಈಗಲಾದರೂ ಹತ್ತಿಸಿಕೊಳ್ಳಬೇಕೆ ಎನ್ನುವ ಪ್ರಶ್ನೆಯನ್ನು ಪರೀಕ್ಷಿಸಲು ಹೊಸೂರು-ಕೃಷ್ಣಗಿರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1980ರಲ್ಲಿ ಟಿವಿಎಸ್ 50 ಮೊಪೆಡ್ ಇಲ್ಲಿಂದ ಹೊರಟಿತು. ಅಶೋಕ್ ಲೇಲ್ಯಾಂಡ್ ಬಂತು, ಆ ದಶಕ ಮುಗಿಯುವುದರೊಳಗೆ ಟೈಟಾನ್ ವಾಚೂ ಬಂತು. ಅವುಗಳ ಬೆನ್ನಿಗೆ ಜಾಬ್ ವರ್ಕ್ ಮಾಡುವ ಲೇತ್, ಸಿಎನ್‌ಸಿ, ಪ್ರೆಸ್ ಶಾಪುಗಳು ಬೆಳೆದವು. ಡ್ರಾಯಿಂಗು ಬೊಮ್ಮಸಂದ್ರದಿಂದ ಬರುತ್ತದೆ, ಕಚ್ಚಾಮಾಲು ಪೀಣ್ಯದಿಂದ. ಫೋನಿನಲ್ಲಿ ಕನ್ನಡವೋ ತೆಲುಗೋ, ಸರ್ಕಾರಿ ಕಾಗದ ತಮಿಳಿನಲ್ಲಿ, ಮೇಲ್ ಮಾತ್ರ ಇಂಗ್ಲಿಷಿನಲ್ಲಿ. ಊರಾಚೆ ಬಾಗಲೂರು, ಬೇರಿಗೆ, ತಳಿ ಕಡೆಗೆ ಹೋದರೆ ಗುಲಾಬಿಯ ಪಾಲಿಹೌಸುಗಳು. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಹೂವು ವಿಮಾನ ಹತ್ತುತ್ತದೆ. ಕೃಷ್ಣಗಿರಿ ಸುತ್ತ ತೋತಾಪುರಿ ಮಾವಿನ ತಿರುಳು ಡ್ರಮ್ಮುಗಳಲ್ಲಿ ಹೊರದೇಶಕ್ಕೆ ಹೋಗುತ್ತದೆ. ಗಿರಾಕಿಯ ಮುಖವನ್ನೇ ನೋಡದೆ ಒಂದು ಮೇಲ್ ನಂಬಿಕೊಂಡು ಲಕ್ಷಾಂತರ ರೂಪಾಯಿಯ ಸರಕು ಕಳಿಸುವ ವ್ಯಾಪಾರ ಇದು.

ಕಳ್ಳನಿಗೆ ಬೇಕಾದ್ದೂ ಇದೇ. ಅವನ ವಿಧಾನದಲ್ಲಿ ಜಾದೂ ಏನಿಲ್ಲ. ಇಬ್ಬರಲ್ಲಿ ಒಬ್ಬರ ಮೇಲ್ ಪಾಸ್‌ವರ್ಡ್ ಹೇಗೋ ಸಂಪಾದಿಸುತ್ತಾನೆ. ತಕ್ಷಣ ಏನೂ ಮಾಡುವುದಿಲ್ಲ. ಬರುವ ಮೇಲ್‌ಗಳೆಲ್ಲದರ ಒಂದು ಪ್ರತಿ ತನಗೂ ಸಿಗುವಂತೆ ಗುಟ್ಟಾಗಿ ಫಾರ್ವರ್ಡ್ ನಿಯಮ ಹಾಕಿ, ವಾರಗಟ್ಟಲೆ ಓದುತ್ತ ಕೂರುತ್ತಾನೆ. ಪ್ರೊಫಾರ್ಮಾ ಇನ್ವಾಯ್ಸ್ ಹೋಗಿ ಹಣ ಬರುವ ಹೊತ್ತಿಗೆ ಸರಿಯಾಗಿ ಗಿರಾಕಿಗೆ ಒಂದು ಮೇಲ್ ಹೋಗುತ್ತದೆ: ‘ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಸಲ ಇನ್ನೊಂದು ಖಾತೆಗೆ ಹಾಕಿ.’ ಬರೆಯುವ ಧಾಟಿ ಅದೇ, ಲೆಟರ್‌ಹೆಡ್ ಅದೇ, ವಿಳಾಸದಲ್ಲಿ ಹೆಚ್ಚೆಂದರೆ ಒಂದಕ್ಷರ ವ್ಯತ್ಯಾಸ. ಅಮೆರಿಕದ ಎಫ್‌ಬಿಐಗೆ 2023ರಲ್ಲಿ ಬಂದ ದೂರುಗಳ ಪ್ರಕಾರ ಈ ಬಗೆಯ ಮೋಸದಲ್ಲಿ ಹೋದ ಹಣ ಸುಮಾರು 290 ಕೋಟಿ ಡಾಲರ್. ನಮ್ಮಲ್ಲಿ ಇಂಥದ್ದಾದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತ ಹೋಗುತ್ತದೆ.

ಮೇಲ್ ಭದ್ರತೆ ಎಂದ ಕೂಡಲೇ ಎಲ್ಲರ ತಲೆಗೆ ಬರುವುದು ಗೂಢಲಿಪಿ, ಅಂದರೆ ಬೇರೆಯವರು ಓದಲಾಗದಂತೆ ಮಾಡುವುದು. ಆದರೆ ಮೇಲೆ ಹೇಳಿದ ಮೋಸವನ್ನು ಗೂಢಲಿಪಿ ತಡೆಯಲಾರದು. ಈ ತಂತ್ರದಲ್ಲಿ ಪ್ರತಿಯೊಬ್ಬರಿಗೂ ಎರಡು ಕೀಲಿ: ಎಲ್ಲರಿಗೂ ಕೊಡುವ ಸಾರ್ವಜನಿಕ ಕೀಲಿ, ತನ್ನಲ್ಲೇ ಇಟ್ಟುಕೊಳ್ಳುವ ಖಾಸಗಿ ಕೀಲಿ. ನಿಮಗೆ ಯಾರಾದರೂ ಗೂಢಲಿಪಿಯಲ್ಲಿ ಬರೆಯಲು ಬೇಕಾದ್ದು ನಿಮ್ಮ ಸಾರ್ವಜನಿಕ ಕೀಲಿ ಮಾತ್ರ. ಅದು ಊರಿಗೆಲ್ಲ ಹಂಚಿದ್ದು, ಕಳ್ಳನ ಕೈಗೂ ಸಿಕ್ಕಿರುತ್ತದೆ. ಅವನನ್ನು ತಡೆಯುವುದು ಸಹಿ; ಅದನ್ನು ಹಾಕಲು ಖಾಸಗಿ ಕೀಲಿಯೇ ಬೇಕು. ಮೇಲ್ ಪಾಸ್‌ವರ್ಡ್ ಕದ್ದವನ ಕೈಗೆ ಅಂಚೆಪೆಟ್ಟಿಗೆ ಸಿಗುತ್ತದೆಯೇ ಹೊರತು, ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲೋ ಟೋಕನ್ನಿನಲ್ಲೋ ಇರುವ ಖಾಸಗಿ ಕೀಲಿ ಸಿಗುವುದಿಲ್ಲ. ಈ ಭಾಗದ ಸಣ್ಣ ಉದ್ಯಮಿಗೆ ಮೊದಲು ಬೇಕಾದ್ದು ಸಹಿ, ಗೂಢಲಿಪಿ ಆಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ತಾಂತ್ರಿಕ ಕೈಪಿಡಿಗಳೆಲ್ಲ ಇದನ್ನು ತಲೆಕೆಳಗು ಮಾಡಿ ಹೇಳುತ್ತವೆ.

‘ಜಿಮೇಲಿನಲ್ಲಿ ಬೀಗದ ಚಿತ್ರ ಇದೆಯಲ್ಲ’ ಎನ್ನುವವರಿದ್ದಾರೆ. ಆ ಬೀಗ ದಾರಿಯದು. ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವಾಗ ಮೇಲ್ ಮುಚ್ಚಿಕೊಂಡು ಹೋಯಿತು ಎಂದಷ್ಟೇ ಅದರ ಅರ್ಥ. ಎರಡೂ ತುದಿಯ ಸರ್ವರುಗಳಲ್ಲಿ ಅದು ತೆರೆದೇ ಇರುತ್ತದೆ. ಡಿಕೆಐಎಂ ಎಂಬ ಇನ್ನೊಂದು ಸಹಿ ಉಂಟು; 2007ರಿಂದ ಚಾಲ್ತಿಯಲ್ಲಿದೆ, 2024ರ ಫೆಬ್ರವರಿಯಿಂದ ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಗೂಗಲ್ ಇದನ್ನು ಕಡ್ಡಾಯ ಮಾಡಿದೆ. ಆದರೆ ಅದು ಡೊಮೇನಿನ ಪರವಾಗಿ ಸರ್ವರ್ ಹಾಕುವ ಮೊಹರು, ಬರೆದ ಮನುಷ್ಯನ ಸಹಿಯಲ್ಲ. ನಿಮ್ಮ ಪಾಸ್‌ವರ್ಡ್ ಕದ್ದವನು ಕಳಿಸಿದ ಮೇಲ್‌ಗೂ ಅದೇ ಮೊಹರು ಬೀಳುತ್ತದೆ.

ವ್ಯಕ್ತಿಯ ಸಹಿಗೆ ಎರಡು ಸಂಪ್ರದಾಯಗಳಿವೆ, ಎರಡರ ಸ್ವಭಾವವೂ ಬೇರೆ. ಒಂದು ಕೀಲಿಯಿಂದ ಮುಚ್ಚಿ ಇನ್ನೊಂದರಿಂದ ತೆರೆಯುವ ಆಲೋಚನೆಯನ್ನು ಡಿಫೀ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು. ಅದನ್ನು ಸಾಮಾನ್ಯ ಜನರ ಕಂಪ್ಯೂಟರಿಗೆ ತಂದವರು ಫಿಲ್ ಜಿಮ್ಮರ್‌ಮನ್, 1991ರಲ್ಲಿ, ಪಿಜಿಪಿ ಎಂಬ ಪ್ರೋಗ್ರಾಮಿನ ಮೂಲಕ. ಗೂಢಲಿಪಿಯನ್ನು ಅಮೆರಿಕ ಆಗ ಶಸ್ತ್ರಾಸ್ತ್ರಗಳ ಪಟ್ಟಿಯಲ್ಲಿಟ್ಟಿತ್ತು. ರಫ್ತು ಮಾಡಿದ ಆರೋಪದಲ್ಲಿ ಅವರ ಮೇಲೆ ತನಿಖೆ ನಡೆದು 1996ರಲ್ಲಿ ಕೈಬಿಟ್ಟರು. ನಡುವೆ, 1995ರಲ್ಲಿ, ಇಡೀ ಪ್ರೋಗ್ರಾಮನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದರು: ಸಾಫ್ಟ್‌ವೇರ್ ರಫ್ತಿಗೆ ತಡೆಯಿದ್ದರೂ ಪುಸ್ತಕಕ್ಕೆ ಇರಲಿಲ್ಲ. ಆ ವಂಶದಲ್ಲಿ ಓಪನ್‌ಪಿಜಿಪಿ ಎಂಬ ಮಾನಕವೂ, ಜರ್ಮನಿಯ ವೆರ್ನರ್ ಕೋಹ್ ಕಟ್ಟಿದ ಗ್ನೂಪಿಜಿಯೂ ಹುಟ್ಟಿದವು. ಇಲ್ಲಿ ಮೇಲಧಿಕಾರಿ ಇಲ್ಲ. ನನ್ನ ಕೀಲಿಯನ್ನು ನಾನೇ ಮಾಡಿಕೊಳ್ಳುತ್ತೇನೆ. ಅದು ನನ್ನದೇ ಎಂದು ನೀವು ನನ್ನನ್ನು ವಿಚಾರಿಸಿ ಒಪ್ಪಿಕೊಳ್ಳುತ್ತೀರಿ.

ಎರಡನೆಯದು ಎಸ್/ಮೈಮ್, 1995ರ ಸುಮಾರಿನದು. ಇಲ್ಲಿ ಕೀಲಿಗೆ ಒಂದು ಪ್ರಮಾಣಪತ್ರ ಸಂಸ್ಥೆ ಜಾಮೀನು ನಿಲ್ಲುತ್ತದೆ. ಔಟ್‌ಲುಕ್‌ನಂಥ ಮೇಲ್ ಪ್ರೋಗ್ರಾಮುಗಳಲ್ಲಿ ಇದಕ್ಕೆ ಬಹಳ ಹಿಂದಿನಿಂದಲೂ ಜಾಗ ಇದೆ. ನಮ್ಮ ದೇಶ ಹಿಡಿದದ್ದು ಈ ದಾರಿಯನ್ನೇ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಾಗ, ಪ್ರಮಾಣಪತ್ರ ಕೊಡುವ ಸಂಸ್ಥೆಗಳಿಗೆ ಪರವಾನಗಿ ನೀಡಲು ಒಬ್ಬ ನಿಯಂತ್ರಕರನ್ನು ಇಟ್ಟಿತು. ಬೆಂಗಳೂರಿನ ಇಮುದ್ರಾ ಅಂಥ ಪರವಾನಗಿ ಪಡೆದ ಸಂಸ್ಥೆಗಳಲ್ಲಿ ಒಂದು. ಆಡಿಟರ್ ಬಳಿ ಇರುವ ಟೋಕನ್ ಇದೇ ವ್ಯವಸ್ಥೆಯ ಕೂಸು.

ಇನ್ನು ಕೈಗೆ ಕೆಲಸ. ಥಂಡರ್‌ಬರ್ಡ್ ಎಂಬ ಪುಕ್ಕಟೆ ಮೇಲ್ ಪ್ರೋಗ್ರಾಮಿನಲ್ಲಿ ಓಪನ್‌ಪಿಜಿಪಿ ಬೇಕೆಂದರೆ ಹಿಂದೆ ಗ್ನೂಪಿಜಿಯನ್ನು ಬೇರೆ ಹಾಕಿ, ಎನಿಗ್‌ಮೇಲ್ ಎಂಬ ಆಡ್-ಆನ್ ಸೇರಿಸಬೇಕಿತ್ತು. 2001ರಲ್ಲಿ ಅದನ್ನು ಶುರು ಮಾಡಿದವರು ರಾಮಲಿಂಗಂ ಸರವಣನ್; ಹೆಸರು ಕೇಳಿದರೆ ಹೊಸೂರಿನವರಿಗೆ ನಮ್ಮ ಪಕ್ಕದವರೇ ಅನ್ನಿಸಬೇಕು. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಈ ಸೌಲಭ್ಯ ಪ್ರೋಗ್ರಾಮಿನ ಒಳಗೇ ಇದೆ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ವಿಳಾಸದ ಕೆಳಗಿನ ‘ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್’ ತೆರೆದು, ‘ಆಡ್ ಕೀ’ ಒತ್ತಿದರೆ ಹೊಸ ಕೀಲಿ ಮಾಡಲೇ, ಹಳೆಯದನ್ನು ತರಲೇ ಎಂದು ಕೇಳುತ್ತದೆ. ಮೂರು ವರ್ಷದ ಅವಧಿ, 3072 ಬಿಟ್‌ನ ಆರ್‌ಎಸ್‌ಎ ಎಂದು ಅದೇ ಸೂಚಿಸುತ್ತದೆ. ಒಪ್ಪಿಕೊಳ್ಳಿ. ಅದೇ ಪುಟದಲ್ಲಿ, ಕಳಿಸುವ ಎಲ್ಲ ಮೇಲ್‌ಗೂ ಸಹಿ ಬೀಳಲಿ ಎಂಬ ಆಯ್ಕೆಗೆ ಟಿಕ್ ಹಾಕಿ; ಗೂಢಲಿಪಿಯ ಆಯ್ಕೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಹತ್ತು ನಿಮಿಷದ ಕೆಲಸ.

ಕೈಪಿಡಿಗಳು ಗಟ್ಟಿಯಾಗಿ ಹೇಳದ ಎರಡು ಸಂಗತಿ ಇವೆ. ಒಂದು, ಥಂಡರ್‌ಬರ್ಡ್‌ಗೆ ‘ಪ್ರೈಮರಿ ಪಾಸ್‌ವರ್ಡ್’ ಹಾಕದಿದ್ದರೆ ಖಾಸಗಿ ಕೀಲಿಗೆ ರಕ್ಷಣೆಯೇ ಇಲ್ಲ; ಆ ಕಂಪ್ಯೂಟರಿನ ಫೋಲ್ಡರ್ ನಕಲು ಮಾಡಿಕೊಂಡವರಿಗೆ ಕೀಲಿಯೂ ಹೋಯಿತು. ಅಕೌಂಟ್ಸ್ ಹುಡುಗ, ಸ್ಟೋರ್ಸಿನವರು, ಮಾಲೀಕರ ಮಗ ಎಲ್ಲರೂ ಕೂರುವ ಒಂದೇ ಕಂಪ್ಯೂಟರಿನ ಆಫೀಸುಗಳಲ್ಲಿ ಇದು ಸಣ್ಣ ಮಾತಲ್ಲ. ಎರಡು, ಕೀಲಿ ಕಳೆಯುವುದು ಕಳ್ಳರಿಂದ ಕಡಿಮೆ, ‘ಸಿಸ್ಟಮ್ ಸ್ಲೋ ಆಗಿದೆ, ಫಾರ್ಮ್ಯಾಟ್ ಹೊಡೆದುಬಿಡ್ತೀನಿ ಸಾರ್’ ಎನ್ನುವ ಸರ್ವಿಸ್ ಹುಡುಗನಿಂದ ಹೆಚ್ಚು. ಕೀಲಿ ಮಾಡಿದ ದಿನವೇ ಕೀ ಮ್ಯಾನೇಜರಿನಿಂದ ಅದರ ಬ್ಯಾಕಪ್ ತೆಗೆದು, ಪೆನ್‌ಡ್ರೈವಿಗೆ ಹಾಕಿ, ಚೆಕ್‌ಬುಕ್ ಇಡುವ ಕಡೆ ಇಡಬೇಕು.

ಕೀಲಿಯ ಮೇಲೆ ನಿಮ್ಮ ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಯೂನಿಕೋಡ್ ಆದ್ದರಿಂದ ತೊಂದರೆಯಿಲ್ಲ. ಪಾಸ್‌ವರ್ಡನ್ನು ಮಾತ್ರ ಕನ್ನಡದಲ್ಲಿ ಇಡಬೇಡಿ. ‘ಸೂರ್ಯ’ ಎಂದು ಟೈಪಿಸುವಾಗ ಒಂದು ಕೀಬೋರ್ಡು ರಕಾರ-ಯಕಾರಗಳ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ತೂರಿಸಬಹುದು, ಇನ್ನೊಂದು ತೂರಿಸದಿರಬಹುದು. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. ಅದಲ್ಲದೆ ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯಲ್ಲಿ ಚುಕ್ಕಿಗಳಷ್ಟೇ ಕಾಣುವುದರಿಂದ ಎಲ್ಲಿ ತಪ್ಪಿತೆಂದು ಗೊತ್ತಾಗುವುದೂ ಇಲ್ಲ.

ನಿಜವಾದ ಕೆಲಸ ಇರುವುದು ಇನ್ನೊಬ್ಬರ ಕೀಲಿಯನ್ನು ಒಪ್ಪಿಕೊಳ್ಳುವಲ್ಲಿ. ಗಿರಾಕಿಯ ಸಹಿ ಇರುವ ಮೇಲ್ ಬಂದಾಗ, ಜೊತೆಗೆ ಲಗತ್ತಾದ ಸಾರ್ವಜನಿಕ ಕೀಲಿಯನ್ನು ಆಮದು ಮಾಡಿಕೊಳ್ಳಲು ಥಂಡರ್‌ಬರ್ಡ್ ಕೇಳುತ್ತದೆ. ಆಮದಾದ ಮಾತ್ರಕ್ಕೆ ಅದು ಗಿರಾಕಿಯದೇ ಎಂದಾಗಲಿಲ್ಲ. ‘ಒಪ್ಪುವುದಿಲ್ಲ’, ‘ಒಪ್ಪುತ್ತೇನೆ, ಆದರೆ ಪರಿಶೀಲಿಸಿಲ್ಲ’, ‘ನಾನೇ ಬೆರಳಚ್ಚು ಪರಿಶೀಲಿಸಿ ಒಪ್ಪಿದ್ದೇನೆ’ ಎಂಬರ್ಥದ ಆಯ್ಕೆಗಳು ಎದುರಿಗೆ ಬರುತ್ತವೆ. ಪ್ರತಿ ಕೀಲಿಗೂ ನಲವತ್ತು ಅಂಕಿ-ಅಕ್ಷರಗಳ ಬೆರಳಚ್ಚು ಇರುತ್ತದೆ, ನಾಲ್ಕು ನಾಲ್ಕರಂತೆ ಹತ್ತು ಗುಂಪು. ಫೋನ್ ಮಾಡಿ ‘ಸಾರ್, ನಿಮ್ಮ ಸ್ಕ್ರೀನ್ ನೋಡ್ಕೊಂಡು ಒಂದೊಂದೇ ಗುಂಪು ಓದಿ’ ಎಂದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಫೋನ್ ನಂಬರು ಹಳೆಯ ವಿಸಿಟಿಂಗ್ ಕಾರ್ಡಿನದಾಗಿರಬೇಕು. ಅದೇ ಮೇಲ್‌ನ ಕೊನೆಯಲ್ಲಿರುವ ನಂಬರಿಗೆ ಮಾಡಿದರೆ ಕಳ್ಳನೇ ಓದಿಯಾನು. ದೊಡ್ಡ ಪುಸ್ತಕಗಳಲ್ಲಿ ಇದೊಂದು ಬಗೆಹರಿಯದ ಸಮಸ್ಯೆ. ಪರಸ್ಪರ ಕಾಣದ ಜನ ಹೇಗೆ ನಂಬಬೇಕು ಎಂದು ಪಂಡಿತರು ದಶಕಗಳಿಂದ ತಲೆಕೆಡಿಸಿಕೊಂಡಿದ್ದಾರೆ. ಹೊಸೂರಿನ ವೆಂಡರ್‌ಗೂ ಬೊಮ್ಮಸಂದ್ರದ ಪರ್ಚೇಸ್ ಮ್ಯಾನೇಜರ್‌ಗೂ ಆ ತಲೆನೋವಿಲ್ಲ. ಸ್ಯಾಂಪಲ್ ತೋರಿಸಲು ಹೋದಾಗ ಬೆರಳಚ್ಚು ಅಚ್ಚಾದ ಕಾರ್ಡನ್ನು ಕೈಗೆ ಕೊಟ್ಟು ಬಂದರಾಯಿತು.

ಹಾಗಾದರೆ ಈಗಾಗಲೇ ದುಡ್ಡು ಕೊಟ್ಟು ಕೊಂಡಿರುವ ಟೋಕನ್ನಿನಿಂದಲೇ ಮೇಲ್‌ಗೆ ಸಹಿ ಹಾಕಬಾರದೇ? ಹಾಕಬಹುದು, ತೊಡಕುಗಳುಂಟು. ಟೋಕನ್ ತಯಾರಕರ ಡ್ರೈವರನ್ನು ಥಂಡರ್‌ಬರ್ಡ್‌ನ ‘ಸೆಕ್ಯುರಿಟಿ ಡಿವೈಸಸ್’ನಲ್ಲಿ ಸೇರಿಸಬೇಕು. ಪ್ರಮಾಣಪತ್ರದೊಳಗೆ ನೀವು ಬಳಸುವ ಮೇಲ್ ವಿಳಾಸವೇ ಇರಬೇಕು. ಅರ್ಜಿ ತುಂಬುವಾಗ ಆಡಿಟರ್ ಆಫೀಸಿನವರು ತಮ್ಮ ವಿಳಾಸ ಹಾಕಿದ್ದರೆ ಅಲ್ಲಿಗೆ ಮುಗಿಯಿತು. ಸಹಿಯ ಪ್ರಮಾಣಪತ್ರದಿಂದ ಗೂಢಲಿಪಿ ಸಾಧ್ಯವಿಲ್ಲ, ಅದಕ್ಕೆ ಬೇರೆಯದನ್ನೇ ಕೊಳ್ಳಬೇಕು. ಇ-ಟೆಂಡರ್ ಹಾಕುವವರು ಎರಡನ್ನೂ ಒಟ್ಟಿಗೆ ಕೊಂಡಿರುತ್ತಾರೆ. ಎಲ್ಲ ಸರಿಯಾದ ಮೇಲೂ ಜರ್ಮನಿಯ ಗಿರಾಕಿಯ ಪರದೆಯ ಮೇಲೆ ‘ಈ ಸಹಿಯನ್ನು ನಂಬಲಾಗದು’ ಎಂಬ ಎಚ್ಚರಿಕೆ ಬರಬಹುದು. ಥಂಡರ್‌ಬರ್ಡ್ ಬಳಸುವ ಮೊಜಿಲ್ಲಾದ ನಂಬಿಕೆಯ ಪಟ್ಟಿಯಲ್ಲಿ ಭಾರತದ ನಿಯಂತ್ರಕರ ಮೂಲ ಪ್ರಮಾಣಪತ್ರ ಇಲ್ಲ. ಮೈಕ್ರೋಸಾಫ್ಟ್ ಪಟ್ಟಿಯಲ್ಲಿತ್ತು, ಆದರೆ 2014ರ ಜುಲೈಯಲ್ಲಿ ಕೇಂದ್ರ ಸರ್ಕಾರದ ಎನ್‌ಐಸಿಯ ಪ್ರಮಾಣಪತ್ರ ಘಟಕದಿಂದ ಗೂಗಲ್‌ನ ಡೊಮೇನುಗಳಿಗೆ ಅನಧಿಕೃತ ಪ್ರಮಾಣಪತ್ರ ಹೊರಬಿದ್ದದ್ದು ಪತ್ತೆಯಾಗಿ, ನಮ್ಮ ವ್ಯವಸ್ಥೆಯ ಮಾನ ಜಗತ್ತಿನೆದುರು ಹೋಯಿತು. ಇಮುದ್ರಾ ಸಂಸ್ಥೆ ಎಮ್‌ಸೈನ್ ಎಂಬ ಬೇರೆಯದೇ ಮೂಲ ಪ್ರಮಾಣಪತ್ರಕ್ಕೆ ಮೊಜಿಲ್ಲಾದ ಮಾನ್ಯತೆ ಪಡೆದಿದೆ. ರಫ್ತುದಾರರಿಗೆ ಬೇಕಾದ್ದು ಆ ಜಾತಿಯ ಮೇಲ್ ಪ್ರಮಾಣಪತ್ರ, ತೆರಿಗೆ ಸಲ್ಲಿಸುವ ಟೋಕನ್ನಲ್ಲ.

ಕಾನೂನಿನ ತೂಕ ನೋಡಿದರೆ ಪರವಾನಗಿ ಇರುವ ಸಂಸ್ಥೆಯ ಸಹಿಗೆ ಕೈಬರಹದ ಸಹಿಯ ಸ್ಥಾನವಿದೆ. ನೀವೇ ಮಾಡಿಕೊಂಡ ಓಪನ್‌ಪಿಜಿಪಿ ಸಹಿಗೆ ಆ ಸ್ಥಾನ ಇಲ್ಲ. ಹಾಗೆಂದು ಅದು ನಿರುಪಯೋಗಿಯೂ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ, ವಿದ್ಯುನ್ಮಾನ ದಾಖಲೆಯ ಜೊತೆ ಅದರ ಹ್ಯಾಶ್ ಮೌಲ್ಯ (ದಾಖಲೆಯ ಗಣಿತದ ಬೆರಳಚ್ಚು) ನಮೂದಿಸಿದ ಪ್ರಮಾಣಪತ್ರ ಕೇಳುತ್ತದೆ. ಸಹಿ ಹಾಕಿದ ಮೇಲಿನಲ್ಲಿ ಒಂದಕ್ಷರ ಬದಲಾದರೂ ಸಿಕ್ಕಿಬೀಳುವುದರಿಂದ, ಆ ದಾಖಲೆಯನ್ನು ಸಮರ್ಥಿಸಿಕೊಳ್ಳುವುದು ಸುಲಭವಾಗುತ್ತದೆ. ಟೋಕನ್ನನ್ನು ಯಾರ ಕೈಗೋ ಬಿಟ್ಟಿರುವವರು ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಮನ್ನು ಒಮ್ಮೆ ಓದಬೇಕು. ಖಾಸಗಿ ಕೀಲಿ ತನ್ನ ಹತೋಟಿಯಲ್ಲಿರುವಂತೆ ನೋಡಿಕೊಳ್ಳುವುದು ಚಂದಾದಾರನ ಹೊಣೆ. ಅದು ಕೈತಪ್ಪಿತೆಂದು ಸಂಸ್ಥೆಗೆ ತಿಳಿಸುವವರೆಗೆ ಆಗುವುದಕ್ಕೆಲ್ಲ ಅವನೇ ಬಾಧ್ಯಸ್ಥ. ಆಡಿಟರುಗಳು ಕೆಟ್ಟವರೆಂದು ಇದನ್ನು ಹೇಳುತ್ತಿಲ್ಲ. ಎಷ್ಟೋ ಕಡೆ ಮಾಲೀಕರೇ ‘ನನ್ನ ಹತ್ರ ಇದ್ರೆ ಕಳೆದುಹೋಗುತ್ತೆ, ನೀವೇ ಇಟ್ಕೊಳ್ಳಿ’ ಎಂದು ಒಪ್ಪಿಸಿ ಬಂದಿರುತ್ತಾರೆ.

ಗೂಢಲಿಪಿಯ ಬಗ್ಗೆ ಸರ್ಕಾರಕ್ಕೆ ಮೊದಲಿನಿಂದ ಗುಮಾನಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಡಿ, ಆದೇಶವಾದರೆ ಬಿಡಿಸಿ ಕೊಡಲೇಬೇಕು. ನಿರಾಕರಿಸಿದರೆ ಏಳು ವರ್ಷದವರೆಗೆ ಜೈಲು. 2015ರ ಸೆಪ್ಟೆಂಬರಿನಲ್ಲಿ ಬಂದ ರಾಷ್ಟ್ರೀಯ ಗೂಢಲಿಪಿ ನೀತಿಯ ಕರಡು, ಪ್ರತಿ ಸಂದೇಶದ ತೆರೆದ ಪ್ರತಿಯನ್ನು 90 ದಿನ ಇಟ್ಟುಕೊಳ್ಳಬೇಕೆಂದಿತ್ತು, ಗದ್ದಲವೆದ್ದು ಹಿಂತೆಗೆದುಕೊಂಡರು. 2024ರ ಫೆಬ್ರವರಿಯಲ್ಲಿ ಚೆನ್ನೈನ ಶಾಲೆಗಳಿಗೆ ಬಾಂಬ್ ಬೆದರಿಕೆಯ ಮೇಲ್ ಬಂದಾಗ ಗೂಢಲಿಪಿಯ ಮೇಲ್ ಸೇವೆಯಾದ ಪ್ರೋಟಾನ್ ಮೇಲನ್ನು ಮುಚ್ಚಿಸುವ ಮಾತಾಯಿತು. 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟ್, ಅಶ್ಲೀಲ ಮೇಲ್‌ಗಳಿಂದ ನೊಂದ ಸಂಸ್ಥೆಯೊಂದರ ಅರ್ಜಿಯ ಮೇಲೆ, ಪ್ರೋಟಾನ್ ಮೇಲನ್ನು ನಿರ್ಬಂಧಿಸುವ ಕ್ರಮ ಆರಂಭಿಸಲು ಕೇಂದ್ರಕ್ಕೆ ಹೇಳಿತು. ಈ ಎರಡು ಪ್ರಕರಣಗಳಲ್ಲೂ ತೊಂದರೆ ಕೊಟ್ಟದ್ದು ಹೆಸರಿಲ್ಲದ ಖಾತೆಗಳು, ಗೂಢಲಿಪಿಯಲ್ಲ. ಸಹಿ ಹಾಕಿದ ಮೇಲಿಗೂ ಅನಾಮಿಕತೆಗೂ ಎಣ್ಣೆ ಸೀಗೇಕಾಯಿ ಸಂಬಂಧ, ಇದನ್ನು ಪೊಲೀಸರಿಗೂ ಯಾರಾದರೂ ತಿಳಿಹೇಳಬೇಕು.

ಈ ಇಡೀ ತಂತ್ರವೇ ಸೋತಿದೆ ಎನ್ನುವವರ ವಾದವನ್ನೂ ಕೇಳಬೇಕು. 1999ರಲ್ಲಿ ಆಲ್ಮಾ ವಿಟನ್ ಮತ್ತು ಟೈಗರ್ ನಡೆಸಿದ ಪ್ರಯೋಗದಲ್ಲಿ, ಹನ್ನೆರಡು ಜನ ಮೇಲ್ ಬಳಕೆದಾರರಿಗೆ ತೊಂಬತ್ತು ನಿಮಿಷ ಕೊಟ್ಟರೂ ಮೂರನೇ ಒಂದು ಪಾಲಿನವರು ಮಾತ್ರ ಸರಿಯಾಗಿ ಸಹಿ ಹಾಕಿ ಗೂಢಲಿಪಿಯಲ್ಲಿ ಕಳಿಸಿದರು. ಮೂವರು ಗುಟ್ಟನ್ನು ಹಾಗೇ ತೆರೆದು ಕಳಿಸಿಬಿಟ್ಟರು. 2018ರಲ್ಲಿ ಜರ್ಮನಿ-ಬೆಲ್ಜಿಯಮ್ ಸಂಶೋಧಕರು ಈಫೇಲ್ ಎಂಬ ದೋಷ ಬಯಲು ಮಾಡಿದರು: ಬಿಡಿಸಿದ ಮೇಲಿನ ಪಠ್ಯವನ್ನು ಎಚ್‌ಟಿಎಂಎಲ್ ಚಿತ್ರದ ಕೊಂಡಿಯ ಮೂಲಕ ಹೊರಗೆ ಸಾಗಿಸಬಹುದಿತ್ತು. 2019ರಲ್ಲಿ ಸಾರ್ವಜನಿಕ ಕೀಲಿ ಹಂಚುವ ಹಳೆಯ ಕೀ-ಸರ್ವರುಗಳಲ್ಲಿ ಕೆಲವರ ಕೀಲಿಗೆ ಸಾವಿರಾರು ಕಸದ ಸಹಿ ಜಡಿದು ಅವನ್ನು ಕೆಲಸಕ್ಕೆ ಬಾರದಂತೆ ಮಾಡಿದರು. ಓಪನ್‌ಪಿಜಿಪಿ ಮಾನಕದ ಹೊಸ ರೂಪ 2024ರಲ್ಲಿ ಬರುವ ಹೊತ್ತಿಗೆ ಗ್ನೂಪಿಜಿಯವರು ಬೇರೆ ದಾರಿ ಹಿಡಿದಿದ್ದರು, ಮನೆ ಎರಡಾಗಿದೆ. ಇವಲ್ಲದೆ ದಿನನಿತ್ಯದ ಕಿರಿಕಿರಿಗಳು ಬೇರೆ. ಗೂಢಲಿಪಿಯ ಮೇಲ್ ವೆಬ್‌ಮೇಲಿನಲ್ಲಿ ತೆರೆಯದು, ಸರ್ವರಿನಲ್ಲಿ ಹುಡುಕಿದರೆ ಸಿಗದು. ಯಾರು ಯಾರಿಗೆ ಯಾವಾಗ ಬರೆದರು ಎಂಬುದು ಹೇಗೂ ಬಯಲಲ್ಲೇ ಇರುತ್ತದೆ. ಕಂಪನಿಯ ಸರ್ವರು ಮೇಲಿನ ಕೊನೆಗೆ ತಾನಾಗಿ ಅಂಟಿಸುವ ‘ಡಿಸ್‌ಕ್ಲೇಮರ್’ ಸಾಲುಗಳಿಂದ ಸಹಿ ಕೆಡುವುದಂತೂ ಮಾಮೂಲು.

‘ಇದೆಲ್ಲ ಯಾಕೆ, ವಾಟ್ಸಾಪ್ ಇದೆಯಲ್ಲ’ ಎಂಬ ಮಾತಿಗೆ ಬಲವಿದೆ. 2016ರಿಂದ ಅದರಲ್ಲಿ ಗೂಢಲಿಪಿ ತಾನೇ ತಾನಾಗಿ ನಡೆಯುತ್ತದೆ, ಸಿಪ್‌ಕಾಟ್‌ನ ಅರ್ಧ ಡ್ರಾಯಿಂಗುಗಳು ಈಗ ಅಲ್ಲೇ ಓಡಾಡುತ್ತವೆ. ಮುಚ್ಚಿಡುವುದೇ ಗುರಿಯಾದರೆ ಅದು ಮೇಲಿಗಿಂತ ಮೇಲು, ನನ್ನ ತಕರಾರಿಲ್ಲ. ಆದರೆ ವಾಟ್ಸಾಪಿನ ವಿನ್ಯಾಸವೇ ಬೇರೆ. ಸಂದೇಶ ಯಾರದೆಂದು ಓದುವವನಿಗೆ ಗೊತ್ತಾಗಬೇಕು, ಆದರೆ ಮೂರನೆಯವನೆದುರು ಅದನ್ನು ಗಣಿತದಿಂದ ಸಾಬೀತು ಮಾಡಲಾಗಬಾರದು ಎಂದೇ ಅದರ ಗೂಢಲಿಪಿಯನ್ನು ಕಟ್ಟಿದ್ದಾರೆ. ಪತ್ರಕರ್ತನಿಗೂ ಅವನ ಮೂಲಕ್ಕೂ ಅದು ವರ. ‘ಈ ದರಕ್ಕೆ ಒಪ್ಪಿದ್ದು ನೀವೇ’ ಎಂದು ಆರು ತಿಂಗಳ ನಂತರ ತೋರಿಸಬೇಕಾದ ವೆಂಡರ್‌ಗೆ ಬೇಕಾದ್ದು ಅದಕ್ಕೆ ತದ್ವಿರುದ್ಧ.

ಆದ್ದರಿಂದ ಈ ಭಾಗಕ್ಕೆ ನನಗೆ ಕಾಣುವ ದಾರಿ ಹೀಗೆ. ಹೊಸೂರು, ಬೊಮ್ಮಸಂದ್ರ, ಪೀಣ್ಯಗಳ ಒಳಗೆ, ಮುಖ ಕಂಡವರ ನಡುವೆ ಥಂಡರ್‌ಬರ್ಡ್‌ನ ಓಪನ್‌ಪಿಜಿಪಿ ಸಾಕು: ಎಲ್ಲ ಮೇಲ್‌ಗೂ ಸಹಿ, ಡ್ರಾಯಿಂಗ್ ಹೋಗುವಾಗ ಮಾತ್ರ ಗೂಢಲಿಪಿ. ಹೂವು, ಮಾವಿನ ತಿರುಳು ಕಳಿಸುವವರಿಗೆ ಹೊರದೇಶದ ಔಟ್‌ಲುಕ್ ಕೂಡ ಪ್ರಶ್ನೆಯಿಲ್ಲದೆ ಒಪ್ಪುವ ಎಸ್/ಮೈಮ್ ಪ್ರಮಾಣಪತ್ರ. ಬ್ಯಾಂಕ್ ಖಾತೆ ಬದಲಾವಣೆಯನ್ನು ಸಹಿಯಿಲ್ಲದ ಮೇಲಿನಲ್ಲಿ ಒಪ್ಪುವುದಿಲ್ಲ, ಸಹಿಯಿದ್ದರೂ ಒಂದು ಫೋನ್ ಮಾಡುತ್ತೇವೆ ಎಂದು ಇನ್ವಾಯ್ಸಿನ ಕೆಳಗೇ ಅಚ್ಚು ಹಾಕಿಸಬೇಕು.

ಇದು ಶುರುವಾಗಬೇಕಾದ್ದು ಸಣ್ಣವರಿಂದಲ್ಲ. ಗುಣಮಟ್ಟದ ಪ್ರಮಾಣಪತ್ರ, ಇ-ಇನ್ವಾಯ್ಸ್, ವೆಂಡರ್ ಪೋರ್ಟಲ್ ಯಾವುದನ್ನೇ ಆಗಲಿ ಜಾಬ್ ವರ್ಕ್ ಶಾಪುಗಳು ಕಲಿತದ್ದು ದೊಡ್ಡ ಗಿರಾಕಿ ಕೇಳಿದ ಮೇಲೆಯೇ. ಪರ್ಚೇಸ್ ವಿಭಾಗವೊಂದು ತನ್ನ ಆರ್ಡರುಗಳಿಗೆಲ್ಲ ಸಹಿ ಹಾಕಿ, ತನ್ನ ಕೀಲಿಯ ಬೆರಳಚ್ಚನ್ನು ವೆಂಡರ್ ನೋಂದಣಿ ಫಾರಮಿನಲ್ಲೇ ಅಚ್ಚು ಹಾಕಿ ಕೊಟ್ಟರೆ, ಅದಕ್ಕೆ ಸರಬರಾಜು ಮಾಡುವ ಶಾಪುಗಳೆಲ್ಲ ತಿಂಗಳೊಳಗೆ ‘ಆಡ್ ಕೀ’ ಎಲ್ಲಿದೆ ಎಂದು ಹುಡುಕುತ್ತವೆ.